ಬಸದಿಯ ಮುಂದೆ ಮೇಷ್ಟರ ಪರೀಕ್ಷೆ

ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡಿನ ಬಸ್ಸು ಹಿಡಿದರೆ ನಿಮಗೆ ದಾರಿಯಲ್ಲಿ ಜಾವಗಲ್ ಸಿಗುತ್ತದೆ. ಆ ಹೆಸರು ನೆನಪಿನಲ್ಲಿರಲಿ.

ಹಿಂದೊಮ್ಮೆ ಚಿತ್ರೀಕರಣಕ್ಕೆಂದು ಹಳೇಬೀಡಿನ ಪಾರ್ಶ್ವನಾಥ ಬಸದಿಯ ಬಳಿ ಕ್ಯಾಮೆರಾ ಹೂಡಿದ್ದೆವು. ಶಾಲಾ ಪ್ರವಾಸದ ತಂಡವೊಂದು ಬಂತು. ಮೇಷ್ಟರು ವಿಷ್ಣುವರ್ಧನನ ಕಥೆ ಹೇಳಿದರು: ಅರಸ ಜೈನಮತ ಬಿಟ್ಟು ವೈಷ್ಣವನಾದ, ಬಸದಿಗಳನ್ನು ಕೆಡವಿಸಿದ, ಆ ಪಾಪಕ್ಕೆ ಭೂಮಿ ಬಾಯ್ಬಿಟ್ಟಿತು. ಒಬ್ಬ ಹುಡುಗಿ ಮಾತ್ರ, "ಸಾರ್, ಹಾಗಾದರೆ ಇದು ಹೇಗೆ ಉಳಿಯಿತು?" ಎಂದಳು. ಮನೆಯವರ ಜೊತೆ ಅಲ್ಲಿಗೆ ಪೂಜೆಗೆ ಬಂದಿದ್ದವಳಂತೆ. "ಹೊತ್ತಾಯಿತು, ಬಸ್ಸು ಹತ್ತಿ" ಎಂಬುದೇ ಉತ್ತರ.

ನಿಜವಾದ ಉತ್ತರ ಅಲ್ಲಿನ ಶಾಸನದಲ್ಲಿಯೇ ಇತ್ತು. ದಂಡನಾಯಕ ಗಂಗರಾಜ ತೀರಿಕೊಂಡ ಮೇಲೆ ಮಗ ಬೊಪ್ಪ 1133ರಲ್ಲಿ ಈ ಬಸದಿ ಕಟ್ಟಿಸಿದ. ಅರ್ಚಕರು ಪ್ರಸಾದ ತೆಗೆದುಕೊಂಡು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದರು. ಆಗಷ್ಟೇ ಯುದ್ಧ ಗೆದ್ದಿದ್ದ, ಮಗನೂ ಹುಟ್ಟಿದ್ದ. ಅರಸ ಕೈಮುಗಿದು ಪ್ರಸಾದ ಸ್ವೀಕರಿಸಿ, ದೇವರಿಗೆ ವಿಜಯ ಪಾರ್ಶ್ವನೆಂದೂ ಮಗನಿಗೆ ವಿಜಯ ನರಸಿಂಹನೆಂದೂ ಹೆಸರಿಟ್ಟು, ಜಾವಗಲ್ ಗ್ರಾಮವನ್ನು ಬಸದಿಗೆ ದತ್ತಿ ಕೊಟ್ಟ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾಗಿ ಆಗಲೇ ಹದಿನಾರು ವರ್ಷ! ಅದೇ ಬೇಲೂರಿನ ಆವರಣದಲ್ಲಿ ಚೆನ್ನಿಗರಾಯನ ಗುಡಿ ಮಾಡಿಸಿದ ರಾಣಿ ಶಾಂತಲೆ ಜೈನಳು. 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿಯನ್ನೂ ಕಟ್ಟಿಸಿದಳು.

ನಾನು ವಿಜ್ಞಾನ ಓದಿದವನು. ಒಂದು ಶಾಸನದಿಂದ ಮತಗಳ ನಡುವೆ ಜಗಳವೇ ಇರಲಿಲ್ಲವೆಂದು ಸಾಧಿಸಲು ಹೊರಡುವುದಿಲ್ಲ. ಆದರೆ ಕಥೆಯನ್ನೂ ದಾಖಲೆಯನ್ನೂ ಎದುರುಬದುರು ಇಟ್ಟು ತೋರಿಸುವುದು ಮೇಷ್ಟರ ಕೆಲಸವಲ್ಲವೆ?

ಬೇರೆ ಬೇರೆ ಸಂಸ್ಕೃತಿಯ ಮಕ್ಕಳಿಗೆ ಕಲಿಸುವ ಸಾಮರ್ಥ್ಯವನ್ನು ಅಳೆಯುವುದು ಹೇಗೆಂಬ ಚರ್ಚೆ ಇಂದು ಜಗತ್ತಿನಲ್ಲೆಲ್ಲ ನಡೆದಿದೆ. ಬ್ರಿಟನ್ನಿನ ಮೈಕೆಲ್ ಬೈರಂ 1997ರ ತಮ್ಮ ಪುಸ್ತಕದಲ್ಲಿ ತಿಳಿವಳಿಕೆಯೊಂದೇ ಸಾಲದು, ಕುತೂಹಲ ಬೇಕು, ತನ್ನ ತೀರ್ಪನ್ನು ಸ್ವಲ್ಪ ತಡೆದು ನೋಡುವ ಮನಸ್ಸೂ ಬೇಕು ಎಂದರು. ಪ್ರಶ್ನಾವಳಿಗಳಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಚೆನ್ನಾಗಿ ಕಾಣುವ ಉತ್ತರ ಬರೆಯುವುದು ಯಾರಿಗೂ ಕಷ್ಟವಲ್ಲ. ಮೇಷ್ಟರು ಹೇಳಿದ್ದನ್ನು ಕೇಳಿ ಆ ಹುಡುಗಿ "ಹೌದು, ಇದು ನಮ್ಮ ಬಸದಿ" ಎಂದು ಗುರುತಿಸಬಲ್ಲಳೆ? ನಾನಾದರೆ ಅದನ್ನೇ ಕೇಳುತ್ತೇನೆ.

ಈ ಅಪೇಕ್ಷೆ ನಮ್ಮ ನಾಡಿಗೆ ಹೊಸದೂ ಅಲ್ಲ. ಬಳ್ಳಿಗಾವೆಯ ಕೋಡಿಯಮಠ ಶೈವರದು. ಅಲ್ಲಿ ಜೈನ ಶಾಕಟಾಯನನ ವ್ಯಾಕರಣವನ್ನೂ ಬೌದ್ಧ ದರ್ಶನವನ್ನೂ ಕಲಿಸುತ್ತಿದ್ದರು, ಜೈನ ಕ್ಷಪಣಕರಿಗೂ ಊಟ ಹಾಕುತ್ತಿದ್ದರು ಎಂದು 1162ರ ಶಾಸನ ಹೇಳುತ್ತದೆ.