ತಲೆನೋವಿನ ಗುಳಿಗೆ, ಜೊತೆಗಿರುವ ಇನ್ನೊಂದು ಗುಳಿಗೆ

ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, 18ರಿಂದ 65 ವರ್ಷದವರಲ್ಲಿ ಶೇ 25ರಷ್ಟು ಜನರನ್ನು ವರ್ಷದೊಳಗೆ ಒಮ್ಮೆಯಾದರೂ ಮೈಗ್ರೇನ್ ಕಾಡಿತ್ತು. ಹುಬ್ಬಳ್ಳಿಗೂ ಹೆಚ್ಚುಕಡಿಮೆ ಅದೇ ಲೆಕ್ಕ ಹಿಡಿದರೆ, ದೇಶಪಾಂಡೆ ನಗರದ ಮೆಡಿಕಲ್ ಶಾಪ್‌ಗಳಲ್ಲಿ ‘ಅರ್ಧ ತಲಿ ಸಿಡ್ಯಾಕತ್ತೈತ್ರೀ, ಒಂದ್ ಗುಳಿಗಿ ಕೊಡ್ರಿ’ ಎಂಬ ಮಾತಿಗೆ ಬರವಿರಲಾರದು. ಕೊಟ್ಟ ಗುಳಿಗೆ, ಗಿರಾಕಿ ಮೊದಲೇ ನುಂಗುತ್ತಿರುವ ಔಷಧದೊಂದಿಗೆ ಹೊಂದುತ್ತದೆಯೇ ಎಂದು ನೋಡುವ ವಿದ್ಯೆಗೆ ಮಾತ್ರ ಇನ್ನೂ ಹೆಚ್ಚು ವಯಸ್ಸಾಗಿಲ್ಲ.

ಮೈಗ್ರೇನ್‌ನ ಹಳೆಯ ಮದ್ದು ಎರ್ಗೋಟಮೈನ್. ರೈ ತೆನೆಗೆ ಹತ್ತುವ ಶಿಲೀಂಧ್ರದಿಂದ 1918ರಲ್ಲಿ ಆರ್ಥರ್ ಸ್ಟೋಲ್ ಇದನ್ನು ಬೇರ್ಪಡಿಸಿದ. ಇದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ನಮ್ಮಲ್ಲಿ ಮನೆಮಾತಾಗಿರುವ ವಾಸೋಗ್ರೇನ್ ಪಟ್ಟಿಯ ಹಿಂಬದಿ ಓದಿ: ಎರ್ಗೋಟಮೈನ್ 1 ಮಿ.ಗ್ರಾಂ, ಕೆಫೀನ್ 100, ಪ್ಯಾರಾಸಿಟಮಾಲ್ 250, ಪ್ರೊಕ್ಲೋರ್‌ಪೆರಜಿನ್ 2.5. ಒಂದೇ ಗುಳಿಗೆ, ನಾಲ್ಕು ಔಷಧ. ಯಕೃತ್ತಿನ ಸಿವೈಪಿ3ಎ4 ಎಂಬ ಕಿಣ್ವ ಎರ್ಗೋಟಮೈನನ್ನು ಕರಗಿಸಿ ಹೊರಹಾಕುತ್ತದೆ. ಗಂಟಲುಬೇನೆಗೆಂದು ಬರೆದುಕೊಡುವ ಕ್ಲಾರಿಥ್ರೊಮೈಸಿನ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಎಚ್‌ಐವಿ ಚಿಕಿತ್ಸೆಯ ರಿಟೊನಾವಿರ್ ಇನ್ನೂ ಜೋರಾಗಿ. ಆಗ ಎರ್ಗೋಟಮೈನ್ ರಕ್ತದಲ್ಲಿ ಏರುತ್ತಾ ಹೋಗಿ, ಕೈಕಾಲು ಬೆರಳು ತಣ್ಣಗಾಗಿ, ನೀಲಿಗಟ್ಟಿ, ಕೊನೆಗೆ ಕೊಳೆತು ಕತ್ತರಿಸಬೇಕಾಗಿ ಬಂದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಈ ಜೋಡಿಗಳ ವಿಷಯದಲ್ಲಿ ರಾಜಿ ಸಲ್ಲದು.

ಇಂಥವನ್ನೆಲ್ಲ ಮೊದಲು ವೈದ್ಯರ ನೆನಪೇ ಕಾಯಬೇಕಿತ್ತು. 1971ರಲ್ಲಿ ಅಮೆರಿಕದ ಫಿಲಿಪ್ ಹ್ಯಾನ್‌ಸ್ಟನ್, 1981ರಲ್ಲಿ ಇಂಗ್ಲೆಂಡಿನ ಐವನ್ ಸ್ಟಾಕ್ಲಿ ಕೈಪಿಡಿಗಳನ್ನು ತಂದರು. ಪುಸ್ತಕ ಕಪಾಟಿನಲ್ಲಿದ್ದರೆ ಸಾಲದು ಎಂಬುದು 1984ರಲ್ಲಿ ನ್ಯೂಯಾರ್ಕ್‌ನಲ್ಲಿ ಗೊತ್ತಾಯಿತು. ಖಿನ್ನತೆಗೆ ಫೆನೆಲ್‌ಜಿನ್ ತೆಗೆದುಕೊಳ್ಳುತ್ತಿದ್ದ 18 ವರ್ಷದ ಲಿಬ್ಬಿ ಜಯಾನ್‌ಗೆ ಆಸ್ಪತ್ರೆಯಲ್ಲಿ, ಅದರೊಂದಿಗೆ ಹೊಂದದ ಪೆಥಿಡಿನ್ ಕೊಟ್ಟರು. ಆಕೆ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು.

ಪುಸ್ತಕದ ಪಟ್ಟಿ ಕಂಪ್ಯೂಟರಿಗೆ ಇಳಿದ ಮೇಲೆ ತೊಂದರೆ ಉಲ್ಟಾ ಆಯಿತು, ಎಚ್ಚರಿಕೆಗಳೇ ಅತಿಯಾದವು. 1991ರಲ್ಲಿ ಮೈಗ್ರೇನ್‌ಗೆ ಸುಮಾಟ್ರಿಪ್ಟಾನ್ ಎಂಬ ಟ್ರಿಪ್ಟಾನ್ ಮದ್ದು ಬಂದಿತ್ತು. ಟ್ರಿಪ್ಟಾನ್ ಜೊತೆ ಖಿನ್ನತೆಯ ಗುಳಿಗೆ ಸೇರಿದರೆ ಸೆರಟೋನಿನ್ ವಿಪರೀತವಾದೀತೆಂದು 2006ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಸಿತು. ಎರಡನ್ನೂ ಪಡೆದ 19 ಸಾವಿರಕ್ಕೂ ಹೆಚ್ಚು ಜನರ ದಾಖಲೆ ಜಾಲಾಡಿದ ಬೋಸ್ಟನ್ ಅಧ್ಯಯನ 2018ರಲ್ಲಿ, ಅಂಥದ್ದು ತೀರಾ ವಿರಳ ಎಂದಿತು. ಆದರೂ ಪರದೆಯ ಮೇಲಿನ ಕೆಂಪು ಗುರುತು ಹೋಗಿಲ್ಲ. ಇನ್ನೊಂದು ಟ್ರಿಪ್ಟಾನ್ ಆದ ರಿಜಾಟ್ರಿಪ್ಟಾನ್ ಮತ್ತು ಮೈಗ್ರೇನ್ ತಡೆಯಲು ಕೊಡುವ ಪ್ರೊಪ್ರನಲಾಲ್ ಜೋಡಿಯದು ಬೇರೆ ಮಾತು: ಪ್ರೊಪ್ರನಲಾಲ್ ಇದ್ದರೆ ರಿಜಾಟ್ರಿಪ್ಟಾನ್ ರಕ್ತದಲ್ಲಿ ಶೇ 70ರಷ್ಟು ಹೆಚ್ಚುತ್ತದೆ. ಪರಿಹಾರ ಸರಳ, 10 ಮಿ.ಗ್ರಾಂ ಬದಲು 5. ಎರಡಕ್ಕೂ ಒಂದೇ ಕೆಂಪು ಬಣ್ಣ ಬಳಿದರೆ ನೋಡುವವನು ಯಾವುದನ್ನೂ ಓದುವುದಿಲ್ಲ.

ಕರ್ನಾಟಕದಲ್ಲಿ ಔಷಧಗಳ ಹೊಂದಾಣಿಕೆ ನೋಡುವ ಈ ಕೆಲಸಕ್ಕೆ ಬುನಾದಿ ಬಿದ್ದದ್ದು 1990ರ ದಶಕದ ಉತ್ತರಾರ್ಧದಲ್ಲಿ, ಮೈಸೂರಿನ ಜೆಎಸ್ಎಸ್ ಫಾರ್ಮಸಿ ಕಾಲೇಜು ಫಾರ್ಮಸಿಸ್ಟರನ್ನು ರೋಗಿಯ ಹಾಸಿಗೆ ಬಳಿಗೆ ಕಳಿಸತೊಡಗಿದಾಗ. 2008ರಲ್ಲಿ ಫಾರ್ಮ್‌.ಡಿ (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸ್ ಬಂತು. 2010ರಲ್ಲಿ ಔಷಧಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. 1800-180-3024ಕ್ಕೆ ರೋಗಿಯೇ ಕರೆ ಮಾಡಿ ದೂರು ಬರೆಸಬಹುದು.

ನನ್ನ ಮಟ್ಟಿಗೆ ನಮ್ಮೂರಿನಲ್ಲಿ ಹೆಚ್ಚು ಚಿಂತೆ ಮಾಡಬೇಕಾದದ್ದು ಬಿಪಿ ಗುಳಿಗೆಯ ಬಗ್ಗೆ. ಟೆಲ್ಮಿಸಾರ್ಟನ್ ಹೆಸರಿನ ಮುಂದೆ ‘ಎಚ್’ ಅಕ್ಷರವಿದ್ದರೆ ಅದರಲ್ಲಿ ಮೂತ್ರ ಹೆಚ್ಚಿಸುವ ಹೈಡ್ರೊಕ್ಲೋರೊಥಯಜೈಡ್ ಕೂಡ ಇದೆಯೆಂದು ಅರ್ಥ. ಅದರ ಮೇಲೆ ನೋವಿನ ಗುಳಿಗೆ ಡೈಕ್ಲೊಫೆನಾಕ್ ಬಿದ್ದರೆ ಮೂರೂ ಸೇರಿ ಕಿಡ್ನಿಗೆ ಪೆಟ್ಟು ಕೊಡಬಲ್ಲವು. ವಯಸ್ಸಾದವರಿಗೆ, ನೀರು ಕಡಿಮೆ ಕುಡಿಯುವ ಬೇಸಿಗೆಯಲ್ಲಿ, ಇನ್ನೂ ಬೇಗ. ಬಿಪಿ ಚೀಟಿ ಒಬ್ಬ ಡಾಕ್ಟರದು, ಮೊಣಕಾಲಿನದು ಇನ್ನೊಬ್ಬರದು, ತಲೆನೋವಿನದು ಚೀಟಿಯೇ ಇಲ್ಲದ್ದು. ಮೂರನ್ನೂ ಒಂದೇ ಮೇಜಿನ ಮೇಲೆ ಯಾರೂ ಕಂಡಿರುವುದಿಲ್ಲ. ಒಂದೇ ಗುಳಿಗೆಯಲ್ಲಿ ಹಲವು ಔಷಧ ಬೆರೆತಿದ್ದರೆ ತೊಡಕು ಇನ್ನೂ ಹೆಚ್ಚು. ಕೇಂದ್ರ ಸರ್ಕಾರ 2016ರಲ್ಲಿ 344, 2024ರ ಆಗಸ್ಟ್‌ನಲ್ಲಿ 156 ಮಿಶ್ರ ಔಷಧಗಳನ್ನು ನಿಷೇಧಿಸಿತು. ಎರಡನೆಯ ಪಟ್ಟಿಯಲ್ಲಿ ಅಸಿಕ್ಲೊಫೆನಾಕ್ 50, ಪ್ಯಾರಾಸಿಟಮಾಲ್ 125 ಮಿ.ಗ್ರಾಂ ಬೆರೆಸಿದ ನೋವಿನ ಗುಳಿಗೆಯೂ ಇತ್ತು. ಉಳಿದ ಮಿಶ್ರಣಗಳೇನೂ ಕಡಿಮೆಯಿಲ್ಲ.

ತಪಾಸಣೆಗೆ ಇನ್ನೂ ಸಿಗದ ಲೆಕ್ಕ ಒಂದಿದೆ. ಸಾಫ್ಟ್‌ವೇರ್ ಔಷಧಕ್ಕೆ ಔಷಧ ಜೋಡಿಸಿ ನೋಡುತ್ತದೆ, ದಿನ ಎಣಿಸುವುದಿಲ್ಲ. ಮೂರು ತಿಂಗಳಿಗೂ ಮೀರಿ, ತಿಂಗಳಿಗೆ 10 ದಿನ ಅಥವಾ ಹೆಚ್ಚು ಎರ್ಗೋಟಮೈನ್, ಟ್ರಿಪ್ಟಾನ್ ಅಥವಾ ಮಿಶ್ರ ಗುಳಿಗೆ ನುಂಗಿದರೆ, ಬರೀ ಪ್ಯಾರಾಸಿಟಮಾಲ್ ಆದರೆ 15 ದಿನ, ಗುಳಿಗೆಯಿಂದಲೇ ತಲೆನೋವು ಹುಟ್ಟುವ ಸಂಭವವಿದೆ. ನರರೋಗ ತಜ್ಞರ ಹತ್ತಿರ ಹೋಗುವಾಗ ಗುಳಿಗೆ ತೆಗೆದುಕೊಂಡ ದಿನಗಳಿಗೆ ಗೀಟು ಹಾಕಿದ ಕ್ಯಾಲೆಂಡರ್ ಮತ್ತು ಮನೆಯಲ್ಲಿರುವ ಎಲ್ಲ ಗುಳಿಗೆ ಪಟ್ಟಿಗಳು, ಖಾಲಿಯಾದವೂ ಸೇರಿ, ಚೀಲದಲ್ಲಿರಲಿ.