ಘಟಪ್ರಭೆಯ ಕಣಿವೆಯೂ ಸದರ್ನ್ ಮರಾಠಾ ರೈಲ್ವೆಯ ಸರಕು ಸಾಗಾಟವೂ

೧

ಬೆಳಗಾವಿ ಜಿಲ್ಲೆಯ ಗೋಕಾಕದ ಸಮೀಪದಲ್ಲಿ ಘಟಪ್ರಭಾ ನದಿಯು ಕುದುರೆಲಾಳದ ಆಕಾರವುಳ್ಳ ಬಂಡೆಯಂಚಿನಿಂದ ಸುಮಾರು ೧೭೦ ಅಡಿಗಳ ಕೆಳಕ್ಕೆ ಧುಮುಕುವುದು. ಅಲ್ಲಿಯ ಪ್ರಾಚೀನ ದೇವಾಲಯಗಳನ್ನು ನೋಡಲು ಬಂದ ವಿದ್ವಾಂಸರ ದೃಷ್ಟಿಗೆ ಇನ್ನೂ ಮೂರು ವಸ್ತುಗಳು ಬೀಳದೆ ಇರಲಾರವು. ಜಲಪಾತದ ಪಕ್ಕದಲ್ಲಿ ನೂಲಿನ ಗಿರಣಿಯಿರುವುದು. ಹೊಳೆಯ ಮೇಲ್ಭಾಗದಲ್ಲಿ, ಕೆಲವೇ ಮೈಲಿಗಳ ದೂರದಲ್ಲಿ, ಧೂಪದಾಳದ ಒಡ್ಡಿರುವುದು. ಅದೇ ನೆರೆಯಲ್ಲಿ ಲೋಂಡಾದಿಂದ ಮಿರಜಕ್ಕೆ ಹೋಗುವ ರೈಲುಮಾರ್ಗವು ನದಿಯನ್ನು ದಾಟುವುದು. ಗಿರಣಿ, ಒಡ್ಡು, ಹಳಿ ಈ ಮೂರೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಹುಟ್ಟಿದವು.

ದುರ್ಭಿಕ್ಷದಿಂದ ನಾಡನ್ನು ಕಾಯುವುದಕ್ಕೆ ಬೇಕಾದುದು ನೀರೋ ರೈಲೋ ಎಂಬ ವಿವಾದವು ಅದೇ ಕಾಲದಲ್ಲಿ ಸರ್ಕಾರದ ಕಚೇರಿಗಳಲ್ಲಿಯೂ ದೇಶಾಭಿಮಾನಿಗಳ ಗ್ರಂಥಗಳಲ್ಲಿಯೂ ಪ್ರಬಲವಾಗಿ ನಡೆದಿದ್ದಿತು. ಆ ವಿವಾದದ ಎರಡು ಪಕ್ಷಗಳೂ ಒಂದೇ ಕಣಿವೆಯಲ್ಲಿ ಕಾರ್ಯರೂಪಕ್ಕೆ ಬಂದುದರಿಂದ ಘಟಪ್ರಭೆಯ ದಡವು ಅದನ್ನು ಪರೀಕ್ಷಿಸಲು ತಕ್ಕ ಸ್ಥಳವಾಗಿದೆ.

೨

೧೮೭೬ರಿಂದ ೧೮೭೮ರ ವರೆಗಿನ ಮಹಾದುರ್ಭಿಕ್ಷವು ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳನ್ನು ಹೇಗೆ ಬಡಿಯಿತೆಂಬುದಕ್ಕೆ ಕಲಾದಗಿ ಜಿಲ್ಲೆಯ ಜನಗಣತಿಯೇ ಸಾಕ್ಷಿ. ಮುಂದೆ ವಿಜಾಪುರ ಜಿಲ್ಲೆಯೆಂದು ಹೆಸರಾದ ಆ ಸೀಮೆಯಲ್ಲಿ ೧೮೭೨ರಲ್ಲಿ ೮ ಲಕ್ಷ ೧೬ ಸಾವಿರದಷ್ಟಿದ್ದ ಜನಸಂಖ್ಯೆಯು ೧೮೮೧ರಲ್ಲಿ ೬ ಲಕ್ಷ ೩೮ ಸಾವಿರಕ್ಕೆ ಇಳಿಯಿತು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಲೆಕ್ಕದಿಂದ ಅಳಿಸಿಹೋದರು. ಕೆಲವರು ನಾಡು ಬಿಟ್ಟರು, ಬಹುಮಂದಿ ಪ್ರಾಣ ಬಿಟ್ಟರು.

ಆ ಕಾಲಕ್ಕೆ ರೈಲುಮಾರ್ಗಗಳು ಈ ಸೀಮೆಯ ಸುತ್ತಲೂ ಬಂದಿದ್ದವು, ಒಳಕ್ಕೆ ಬಂದಿರಲಿಲ್ಲ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ೧೮೬೦ರಲ್ಲಿ ಸೊಲ್ಲಾಪುರವನ್ನು ಮುಟ್ಟಿ, ೧೮೭೧ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿಕೊಂಡಿದ್ದಿತು. ಬಳ್ಳಾರಿಗೂ ರೈಲು ಬಂದಿದ್ದಿತು. ಈ ನಿಲ್ದಾಣಗಳಿಗೆ ಧಾನ್ಯವನ್ನು ತಂದು ಸುರಿಯುವುದು ಸಾಧ್ಯವಿದ್ದರೂ ಅಲ್ಲಿಂದ ಒಳನಾಡಿಗೆ ಅದನ್ನು ಒಯ್ಯುವುದಕ್ಕೆ ಎತ್ತಿನ ಗಾಡಿಯೂ ಹೇರೆತ್ತೂ ಹೊರತು ಬೇರೆ ಸಾಧನವಿರಲಿಲ್ಲ. ಮಳೆ ತಪ್ಪಿದಾಗ ಜೋಳದೊಡನೆ ಕಣಿಕೆಯೂ ತಪ್ಪುವುದು; ಮೇವಿಲ್ಲದೆ ಎತ್ತು ಸಾಯುವುದು; ಎತ್ತು ಸತ್ತರೆ ಗಾಡಿಯು ನಿಲ್ಲುವುದು. ಬೆಳೆಯನ್ನು ಕೊಂದ ಬರವು ಅನ್ನವನ್ನು ತರಬೇಕಾದ ವಾಹನವನ್ನೂ ಅದೇ ಏಟಿನಲ್ಲಿ ಕೊಂದಿತು.

ಸರ್ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯಲ್ಲಿ ನಡೆದ ದುರ್ಭಿಕ್ಷ ಆಯೋಗವು ೧೮೮೦ರ ತನ್ನ ವರದಿಯಲ್ಲಿ, ಐದು ಸಾವಿರ ಮೈಲಿಗಳಷ್ಟು ಹೊಸ ರೈಲುಮಾರ್ಗವು ತುರ್ತಾಗಿ ಬೇಕೆಂದೂ ಒಟ್ಟು ಇಪ್ಪತ್ತು ಸಾವಿರ ಮೈಲಿಗಳಾಗುವವರೆಗೆ ದೇಶವು ಸುರಕ್ಷಿತವಲ್ಲವೆಂದೂ ಸೂಚಿಸಿತು. ಇಂತಹ ರಕ್ಷಣಾರ್ಥವಾದ ಮಾರ್ಗಗಳನ್ನು ಹಾಕುವ ಉದ್ದೇಶದಿಂದ ೧೮೮೨ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸ್ಥಾಪಿತವಾಯಿತು. ಮುಂಬಯಿ ಇಲಾಖೆಯ ದಕ್ಷಿಣ ಭಾಗಕ್ಕೆ ಆಂಗ್ಲ ಅಧಿಕಾರಿಗಳು ಇಟ್ಟಿದ್ದ ಹೆಸರೇ ಕಂಪನಿಗೂ ಬಂದಿತು; ಅದರ ಹಳಿಗಳ ಬಹುಭಾಗವು ಓಡಿದುದು ಮಾತ್ರ ಕನ್ನಡನಾಡಿನಲ್ಲಿ.

೩

ಕಂಪನಿಯು ಮೊದಲು ಕೈಗೊಂಡ ಮಾರ್ಗಗಳಲ್ಲಿ ಒಂದು ಸೊಲ್ಲಾಪುರದ ಬಳಿಯ ಹೊಟಗಿಯಿಂದ ವಿಜಾಪುರದ ಮೇಲೆ ಗದಗಿಗೆ ಬರುವುದು. ಮತ್ತೊಂದು ಮಾರ್ಗವು ಲೋಂಡಾದಿಂದ ಬೆಳಗಾವಿ, ಪಾಶ್ಚಾಪುರ, ಗೋಕಾಕ ರೋಡ್, ಘಟಪ್ರಭಾ, ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿಗಳ ಮೇಲೆ ಮಿರಜಕ್ಕೂ ಅಲ್ಲಿಂದ ಪುಣೆಗೂ ಹೋಗುವುದು. ಇದು ಭಾಗಭಾಗವಾಗಿ ತೆರೆಯಲ್ಪಟ್ಟು ೧೮೯೦ರ ಹೊತ್ತಿಗೆ ಪೂರ್ಣವಾಯಿತು. ೧೮೯೧ರಲ್ಲಿ ಕೊಲ್ಹಾಪುರ ಸಂಸ್ಥಾನದ ಹಳಿಯು ಮಿರಜದಲ್ಲಿ ಬಂದು ಕೂಡಿತು. ಪಶ್ಚಿಮದಲ್ಲಿ ಲೋಂಡಾದಿಂದ ಘಟ್ಟದ ನೆತ್ತಿಯ ಕ್ಯಾಸಲ್‌ರಾಕ್‌ವರೆಗೆ ಈ ಕಂಪನಿಯ ಹಳಿಯೂ, ಅಲ್ಲಿಂದ ಮಾರ್ಮಗೋವೆಯ ಬಂದರಿನವರೆಗೆ ಸುಮಾರು ೫೧ ಮೈಲಿಗಳಷ್ಟು ಪೋರ್ತುಗೀಜರ ಸೀಮೆಯ ಹಳಿಯೂ ಸೇರಿ ಸಮುದ್ರದ ದಾರಿಯನ್ನು ತೆರೆದವು. ೧೮೭೮ರಲ್ಲಿ ಆಂಗ್ಲರಿಗೂ ಪೋರ್ತುಗೀಜರಿಗೂ ಆದ ಒಪ್ಪಂದವೇ ಈ ಕೊನೆಯ ಮಾರ್ಗಕ್ಕೆ ಮೂಲ.

ಇವೆಲ್ಲವೂ ೩ ಅಡಿ ೩⅜ ಅಂಗುಲ ಅಗಲದ ಮೀಟರ್ ಗೇಜಿನ ಹಳಿಗಳು. ಅಗ್ಗವಾಗಿ ಬೇಗನೆ ಹಾಕಬಹುದೆಂಬುದು ಇದರ ಗುಣ. ಇದರ ದೋಷವು ಪುಣೆಯಲ್ಲಿಯೂ ಹೊಟಗಿಯಲ್ಲಿಯೂ ಕಾಣಿಸುತ್ತಿದ್ದಿತು. ಮುಂಬಯಿಯ ಕಡೆಯ ಹಳಿಯು ೫ ಅಡಿ ೬ ಅಂಗುಲ ಅಗಲವಾದುದರಿಂದ ಒಂದೊಂದು ಅಂಡಿಗೆಯನ್ನೂ ಚೀಲವನ್ನೂ ಹಮಾಲರು ಒಂದು ಡಬ್ಬಿಯಿಂದ ಇಳಿಸಿ ಮತ್ತೊಂದಕ್ಕೆ ಹೇರಬೇಕಾಗಿದ್ದಿತು. ಮಾರ್ಮಗೋವೆಯ ದಾರಿಯಲ್ಲಿ ಈ ತೊಡಕಿರಲಿಲ್ಲ. ಆದರೆ ಅಲ್ಲಿ ಪರರಾಜ್ಯದ ಗಡಿಯಿದ್ದಿತು, ನಲವತ್ತು ಅಡಿಗೆ ಒಂದಡಿಯಂತೆ ಏರಿಳಿಯುವ ಘಟ್ಟವಿದ್ದಿತು. ಇಂತು ಘಟಪ್ರಭೆಯ ಕಣಿವೆಯ ಸರಕಿಗೆ ಹೊರಹೋಗಲು ಎರಡು ಬಾಗಿಲುಗಳಾದವು. ಎರಡರಲ್ಲಿಯೂ ಒಂದೊಂದು ಹೊಸ್ತಿಲಿದ್ದಿತು.

ಕಂಪನಿಯ ಮುಖ್ಯ ಕಚೇರಿಯು ಧಾರವಾಡದಲ್ಲಿದ್ದಿತು. ಬಂಡಿಗಳ ದುರಸ್ತಿಯ ಕಾರ್ಖಾನೆಯು ೧೮೮೫ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾಯಿತು. ೧೯೦೮ರಲ್ಲಿ ಈ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಕೂಡಿ ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆಯಾದ ಮೇಲೆ ಆಡಳಿತವು ಮದರಾಸಿಗೆ ಸಾಗಿತು. ಧಾರವಾಡದ ಆ ಭವ್ಯವಾದ ಕಟ್ಟಡವು, ೧೯೧೭ರಲ್ಲಿ ಹುಟ್ಟಿದ ಕರ್ನಾಟಕ ಕಾಲೇಜಿನ ವಾಸವಾಯಿತು.

೪

ಈ ಮಾರ್ಗದ ಮೇಲೆ ಸರಕು ಹೇಗೆ ನಡೆಯುತ್ತಿದ್ದಿತೆಂಬುದನ್ನು ತಿಳಿಯದೆ ಅದರ ಫಲವನ್ನು ನಿರ್ಣಯಿಸಲಾಗದು. ಹಳಿಯು ಒಂಟಿಯಾದುದು. ಎದುರುಬದುರಾದ ಎರಡು ಗಾಡಿಗಳು ನಿಲ್ದಾಣದಲ್ಲಿಯಲ್ಲದೆ ಬೇರೆಲ್ಲಿಯೂ ಒಂದನ್ನೊಂದು ದಾಟಲಾರವು. ಮುಂದಿನ ನಿಲ್ದಾಣದಿಂದ ತಂತಿಯ ಮೂಲಕ ದಾರಿ ಬಿಡುವಾಗಿದೆಯೆಂಬ ಒಪ್ಪಿಗೆಯು ಬಾರದೆ ಯಾವ ಗಾಡಿಯೂ ಹೊರಡಕೂಡದು. ಟಪಾಲಿನ ಗಾಡಿಗೂ ಜನರ ಗಾಡಿಗೂ ದಾರಿ ಬಿಟ್ಟು ಮಾಲುಗಾಡಿಯು ಪಕ್ಕದ ಹಳಿಯಲ್ಲಿ ಕಾಯುವುದು. ಆದುದರಿಂದ ಸರಕಿನ ವೇಗವು ಎಂಜಿನ್ನಿನ ಬಲಕ್ಕಿಂತಲೂ ನಿಲ್ದಾಣಗಳ ನಡುವಣ ಅಂತರವನ್ನೇ ಹೆಚ್ಚಾಗಿ ಅವಲಂಬಿಸಿದ್ದಿತು.

ಇಲ್ಲಿಯ ನಿಲ್ದಾಣಗಳ ಹೆಸರುಗಳೂ ವಿಚಾರಾರ್ಹವಾಗಿವೆ. ಗೋಕಾಕ ರೋಡ್ ನಿಲ್ದಾಣವು ಗೋಕಾಕದಲ್ಲಿಲ್ಲ. ಚಿಕ್ಕೋಡಿ ರೋಡ್ ಚಿಕ್ಕೋಡಿಯಲ್ಲಿಲ್ಲ. ಊರಿಗೆ ಹೋಗುವ ದಾರಿಯು ಇಲ್ಲಿಂದ ಹೊರಡುವುದೆಂಬುದಷ್ಟೇ ಆ ಹೆಸರಿನ ತಾತ್ಪರ್ಯ. ಪೇಟೆಗೂ ಹಳಿಗೂ ನಡುವೆ ಉಳಿದ ಮೈಲಿಗಳು ಎತ್ತಿನ ಗಾಡಿಯವನ ಪಾಲಿಗೆ ಬಂದವು. ರೈಲು ಬಂದು ಗಾಡಿಯನ್ನು ಇಲ್ಲವಾಗಿಸಿತೆಂಬ ಸಾಮಾನ್ಯ ಅಭಿಪ್ರಾಯವು ಇಲ್ಲಿ ನಿಲ್ಲುವುದಿಲ್ಲ. ಹಿಂದೆ ಬೆಳಗಾವಿಯ ಸೀಮೆಯ ಹತ್ತಿಯು ಘಟ್ಟಗಳನ್ನಿಳಿದು ವೆಂಗುರ್ಲೆಗೂ, ಧಾರವಾಡದ ಸೀಮೆಯದು ಕುಮಟೆ ಕಾರವಾರಗಳಿಗೂ ಗಾಡಿಯ ಮೇಲೆ ಹೋಗುತ್ತಿದ್ದಿತು. ಧಾರವಾಡದ ನಾಡಹತ್ತಿಗೆ ಪೇಟೆಯಲ್ಲಿ ಕುಮಟೆಯ ಹತ್ತಿಯೆಂಬ ಹೆಸರೇ ನಿಂತುಹೋಗಿದ್ದಿತು. ಬೆಳೆದ ನೆಲಕ್ಕಿಂತ ಹಡಗು ಹತ್ತಿದ ಬಂದರೇ ಕೊಳ್ಳುವವರಿಗೆ ಪರಿಚಿತವಾಗಿದ್ದಿತು. ಹಳಿಯು ಬಂದ ಮೇಲೆ ಗಾಡಿಯ ದಾರಿಯು ದಿಕ್ಕನ್ನು ಬದಲಿಸಿತು. ಹಲವು ದಿನಗಳ ಘಟ್ಟದ ಪ್ರಯಾಣವು ನಿಂತು, ನಿಲ್ದಾಣದವರೆಗಿನ ಒಂದೆರಡು ದಿನಗಳ ಬಾಡಿಗೆಯು ಉಳಿಯಿತು. ಕುಮಟೆಯೂ ವೆಂಗುರ್ಲೆಯೂ ತಮ್ಮ ಹಿಂದಿನ ವ್ಯಾಪಾರವನ್ನು ಕಳೆದುಕೊಂಡವು. ಒಳನಾಡಿನ ಲಾಭದಲ್ಲಿ ಕರಾವಳಿಯ ನಷ್ಟವನ್ನು ಕಳೆಯದೆ ಲೆಕ್ಕವು ಪೂರ್ಣವಾಗುವುದಿಲ್ಲ.

ಸಾಗಾಟದ ದರಗಳಲ್ಲಿ ಇನ್ನೊಂದು ತತ್ತ್ವವು ಅಡಗಿದ್ದಿತು. ದೂರ ಹೆಚ್ಚಿದಂತೆ ಮೈಲಿಗೆ ಬೀಳುವ ದರವು ಇಳಿಯುವುದು ಎಲ್ಲ ರೈಲ್ವೆಗಳ ಪದ್ಧತಿ. ಭಾರತದಲ್ಲಿ ಇದರ ಸೌಲಭ್ಯವು ವಿಶೇಷವಾಗಿ ಬಂದರಿಗೆ ಹೋಗುವ ಕಚ್ಚಾಮಾಲಿಗೂ ಬಂದರಿನಿಂದ ಬರುವ ಸಿದ್ಧವಸ್ತುವಿಗೂ ದೊರೆಯಿತು. ಒಳನಾಡಿನ ಒಂದು ಪೇಟೆಯಿಂದ ಇನ್ನೊಂದು ಪೇಟೆಗೆ ಹೋಗುವ ಸರಕಿಗೆ ದೊರೆಯಲಿಲ್ಲ. ೧೯೧೬ರಿಂದ ೧೯೧೮ರ ವರೆಗೆ ವಿಚಾರಣೆ ನಡೆಸಿದ ಕೈಗಾರಿಕಾ ಆಯೋಗವೂ ಈ ದೂರನ್ನು ಗಮನಿಸಿತು. ಹತ್ತಿಯನ್ನು ನೂಲುವುದಕ್ಕಿಂತ ಹತ್ತಿಯನ್ನು ಕಳುಹಿಸುವುದೇ ಸುಲಭವೆಂಬಂತೆ ಹಳಿಯ ಇಳಿಜಾರು ಸಮುದ್ರದ ಕಡೆಗೆ ಇದ್ದಿತು.

೫

ಈ ಇಳಿಜಾರಿಗೆ ಅಡ್ಡವಾಗಿ ನಿಂತುದು ಗೋಕಾಕದ ಗಿರಣಿ. ಗೋಕಾಕ ವಾಟರ್ ಪವರ್ ಆಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯು ೧೮೮೫ರಲ್ಲಿ, ಹಳಿಯು ಇನ್ನೂ ಬರುತ್ತಿದ್ದಾಗಲೇ, ಸ್ಥಾಪಿತವಾಯಿತು. ಮುಂಬಯಿಯ ಫೋರ್ಬ್ಸ್ ಮನೆತನದ ವರ್ತಕರು ಅದರ ಹಿಂದಿದ್ದರು. ೧೮೮೭ರಿಂದ ಜಲಪಾತದ ಬಲವು ಅಲ್ಲಿಯ ಯಂತ್ರಗಳನ್ನು ತಿರುಗಿಸಿತು. ಅದೇ ವರ್ಷದಲ್ಲಿ ಇಲ್ಲಿ ನೀರಿನಿಂದ ವಿದ್ಯುತ್ತು ಉತ್ಪನ್ನವಾಯಿತೆಂಬ ಪ್ರಸಿದ್ಧಿಯೂ ಉಂಟು.

ಗಿರಣಿಯ ಸ್ಥಳವನ್ನು ನೀರೇ ನಿರ್ಣಯಿಸಿತೆಂಬುದು ಸ್ಪಷ್ಟ. ಮುಂಬಯಿಯ ಗಿರಣಿಗಳು ಉಗಿಯ ಬಲದಿಂದ ನಡೆಯುವಂತಹವು. ಅವುಗಳಿಗೆ ಕಲ್ಲಿದ್ದಲು ಹಡಗಿನಲ್ಲಿಯೋ ದೂರದ ರೈಲಿನಲ್ಲಿಯೋ ಬರಬೇಕು. ಅದೇ ಇದ್ದಲನ್ನು ಮತ್ತೆ ನೂರಾರು ಮೈಲಿ ಒಳಕ್ಕೆ ಒಯ್ದು, ಪುಣೆಯಲ್ಲಿ ಡಬ್ಬಿ ಬದಲಿಸಿ, ಘಟಪ್ರಭೆಯ ದಡದಲ್ಲಿ ನೂಲು ತೆಗೆದಿದ್ದರೆ ಆ ನೂಲು ಮುಂಬಯಿಯ ನೂಲಿಗೆ ಎದುರು ನಿಲ್ಲಲಾರದಾಗಿದ್ದಿತು. ಆದರೆ ನೀರೊಂದರಿಂದಲೇ ಗಿರಣಿಯು ಬಾಳಲಾರದು. ಯಂತ್ರಗಳು ಬರುವುದಕ್ಕೂ, ಹಲವು ಸೀಮೆಗಳ ಅರಳೆಯು ವರ್ಷವಿಡೀ ಒದಗುವುದಕ್ಕೂ, ನೂಲಿನ ಹೊರೆಗಳು ನೇಕಾರರ ಊರುಗಳಿಗೆ ಹೋಗುವುದಕ್ಕೂ ಹಳಿ ಬೇಕು. ಜಲಪಾತವು ಅನಾದಿಯಿಂದ ಧುಮುಕುತ್ತಲೇ ಇದ್ದಿತು. ಅದರ ಬಲವು ನೂಲಾದುದು ಹಳಿಯು ಹತ್ತಿರ ಬಂದ ಮೇಲೆ. ಇಂತು ಕಚ್ಚಾಮಾಲನ್ನು ಹೊರಸಾಗಿಸಲು ಅನುಕೂಲವಾದ ಹಳಿಯೇ ಅದರ ಒಂದು ಅಂಶವನ್ನು ಇಲ್ಲಿಯೇ ತಡೆದು ನಿಲ್ಲಿಸುವುದಕ್ಕೂ ಸಾಧನವಾಯಿತು. ಹತ್ತಿಗೆ ಹೆಸರಾದ ಬೈಲಹೊಂಗಲದ ಪೇಟೆಗೆ ಹಳಿಯೂ ಇರಲಿಲ್ಲ, ಇಂತಹ ಜಲಪಾತವೂ ಇರಲಿಲ್ಲ; ಅಲ್ಲಿಯ ಅಂಡಿಗೆಯು ಗಾಡಿಯ ಮೇಲೆಯೇ ನಿಲ್ದಾಣವನ್ನು ಹುಡುಕಿಕೊಂಡು ಹೋಗಬೇಕಾಯಿತು.

೬

ಇನ್ನು ಮೂಲವಿವಾದಕ್ಕೆ ಬರಬಹುದು. ಗೋದಾವರಿಯ ಅಣೆಕಟ್ಟಿನಿಂದ ಪ್ರಖ್ಯಾತನಾದ ಸರ್ ಆರ್ಥರ್ ಕಾಟನ್ನನು ರೈಲಿಗೆ ಸುರಿದ ಹಣವನ್ನು ಕಾಲುವೆಗಳಿಗೆ ಕೊಡಬೇಕಾಗಿದ್ದಿತೆಂದು ಬಹುಕಾಲ ವಾದಿಸಿದನು. ರಮೇಶಚಂದ್ರ ದತ್ತರು ವಿಕ್ಟೋರಿಯಾ ರಾಣಿಯ ಕಾಲದ ಭಾರತದ ಆರ್ಥಿಕ ಇತಿಹಾಸವನ್ನು ಬರೆದಾಗ ಇದೇ ಆಕ್ಷೇಪವನ್ನು ಅಂಕಿಗಳಿಂದ ಪುಷ್ಟೀಕರಿಸಿದರು. ರೈಲು ಧಾನ್ಯವನ್ನು ಬೆಳೆಯಲಾರದು, ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬಲ್ಲುದು ಮಾತ್ರ ಎಂಬುದು ಅವರ ವಾದದ ಸಾರ.

ವಿಜಾಪುರ ಜಿಲ್ಲೆಯ ಜನಗಣತಿಯು ಈ ವಾದಕ್ಕೆ ಬಹುಮಟ್ಟಿಗೆ ಬೆಂಬಲವಾಗಿದೆ. ಅಲ್ಲಿಗೆ ೧೮೮೪ರಲ್ಲಿಯೇ ರೈಲು ಬಂದಿದ್ದಿತು. ೧೮೯೧ರಲ್ಲಿ ೭ ಲಕ್ಷ ೯೬ ಸಾವಿರಕ್ಕೆ ಏರಿದ್ದ ಜನಸಂಖ್ಯೆಯು ೧೮೯೬ರ ಮತ್ತು ೧೮೯೯ರ ಬರಗಳ ತರುವಾಯ, ೧೯೦೧ರಲ್ಲಿ, ೭ ಲಕ್ಷ ೩೫ ಸಾವಿರಕ್ಕೆ ಮತ್ತೆ ಇಳಿಯಿತು. ಹಳಿಯಿದ್ದರೂ ಕ್ಷಯವು ನಿಲ್ಲಲಿಲ್ಲ. ಆದರೂ ಎರಡು ಇಳಿತಗಳ ಪ್ರಮಾಣವು ಒಂದೇ ಅಲ್ಲ. ಮೊದಲನೆಯದರಲ್ಲಿ ನೂರಕ್ಕೆ ಇಪ್ಪತ್ತೊಂದಕ್ಕಿಂತ ಹೆಚ್ಚು ಮಂದಿ ಕಡಮೆಯಾದರು. ಎರಡನೆಯದರಲ್ಲಿ ನೂರಕ್ಕೆ ಎಂಟರೊಳಗೆ. ಎರಡು ಬರಗಳ ತೀವ್ರತೆಯೂ ಸರ್ಕಾರದ ಪರಿಹಾರಕಾರ್ಯಗಳೂ ಸಮಾನವಲ್ಲದುದರಿಂದ ಈ ಅಂತರವೆಲ್ಲವನ್ನೂ ರೈಲಿನ ಪುಣ್ಯಕ್ಕೆ ಬರೆಯುವುದು ಯುಕ್ತವಲ್ಲ. ಆದರೆ ಎತ್ತು ಸತ್ತ ಮೇಲೂ ಧಾನ್ಯವು ಚಲಿಸಬಲ್ಲುದಾದುದು ಅಲ್ಪವಾದ ಬದಲಾವಣೆಯಲ್ಲ. ಧಾನ್ಯವು ನಿಲ್ದಾಣಕ್ಕೆ ಬಂದ ಬಳಿಕ ಅದನ್ನು ಕೊಳ್ಳುವ ಹಣವು ಕೂಲಿಯವನ ಕೈಯಲ್ಲಿ ಇದ್ದಿತೇ ಎಂಬುದು ಬೇರೆ ಪ್ರಶ್ನೆ. ಬೆಲೆಯು ಎಲ್ಲಿ ಹೆಚ್ಚೋ ಅಲ್ಲಿಗೆ ಧಾನ್ಯವನ್ನು ಒಯ್ಯುವುದು ರೈಲಿನ ಸ್ವಭಾವ. ಹಸಿವು ಎಲ್ಲಿ ಹೆಚ್ಚೆಂಬುದನ್ನು ಅದು ಅರಿಯದು.

ಕೊಳ್ಳುವ ಶಕ್ತಿಯನ್ನು ಕೊಡುವುದು ಬೆಳೆ ಅಥವಾ ಕೂಲಿ. ಘಟಪ್ರಭೆಯ ಕಣಿವೆಯಲ್ಲಿ ಧೂಪದಾಳದ ಕಾಲುವೆಯು ಮೊದಲನೆಯದನ್ನೂ ಗಿರಣಿಯು ಎರಡನೆಯದನ್ನೂ ಒದಗಿಸಿದವು. ಇವುಗಳ ನಡುವೆಯೂ ವಿರೋಧಕ್ಕೆ ಅವಕಾಶವಿಲ್ಲದಿಲ್ಲ. ಒಡ್ಡು ಮೇಲಿದೆ, ಜಲಪಾತವು ಕೆಳಗಿದೆ, ಕಾಲುವೆಗೆ ಹರಿದ ನೀರು ಗಿರಣಿಯ ಚಕ್ರಕ್ಕೆ ಬೀಳದು. ಆದರೂ ನೀರಾವರಿಯ ಹೊಲದಲ್ಲಿ ಬೆಳೆದ ಕಬ್ಬಿನ ಬೆಲ್ಲವೂ ಗಿರಣಿಯ ನೂಲೂ ಪೇಟೆ ಸೇರುವುದಕ್ಕೆ ಹಳಿಯ ಆಶ್ರಯ ದೊರೆಯಿತು. ಇದೇ ಮಾರ್ಗದ ಉಗಾರದಲ್ಲಿ ೧೯೩೯ರಲ್ಲಿ ಸಕ್ಕರೆಯ ಕಾರ್ಖಾನೆಯು ಸ್ಥಾಪಿತವಾದುದು ನೀರೂ ಹಳಿಯೂ ಕೂಡಿದ ಎಡೆಯಲ್ಲಿ ಉದ್ಯಮವು ಬೇರೂರುವುದೆಂಬುದಕ್ಕೆ ಮತ್ತೊಂದು ನಿದರ್ಶನ.

೭

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ೧೯೪೪ರಲ್ಲಿ ಕಂಪನಿಯ ಆಡಳಿತವು ಸರ್ಕಾರದ ವಶವಾಯಿತು. ೧೯೫೧ರಲ್ಲಿ ಈ ಮಾರ್ಗವು ದಕ್ಷಿಣ ರೈಲ್ವೆಗೂ, ೧೯೬೬ರಲ್ಲಿ ದಕ್ಷಿಣ ಮಧ್ಯ ರೈಲ್ವೆಗೂ ಸೇರಿ, ೨೦೦೩ರಿಂದ ಹುಬ್ಬಳ್ಳಿಯು ಕೇಂದ್ರವಾದ ನೈಋತ್ಯ ರೈಲ್ವೆಯ ಅಂಗವಾಗಿದೆ. ೧೯೦೮ರಲ್ಲಿ ಮದರಾಸಿಗೆ ಹೋದ ಅಧಿಕಾರವು ಹೀಗೆ ಸುಮಾರು ಒಂದು ಶತಮಾನದ ಮೇಲೆ ಧಾರವಾಡದ ನೆರೆಗೇ ಹಿಂದಿರುಗಿತು. ಪುಣೆಯಿಂದ ಮಿರಜದವರೆಗಿನ ಹಳಿಯು ಮೊದಲು ಅಗಲವಾದುದರಿಂದ ಸರಕನ್ನು ಇಳಿಸಿ ಹೇರುವ ಕಷ್ಟವು ಕೆಲವು ಕಾಲ ಮಿರಜಕ್ಕೆ ವರ್ಗವಾಗಿದ್ದಿತು. ೧೯೯೦ರ ದಶಕದಲ್ಲಿ ಮಿರಜ ಲೋಂಡಾಗಳ ನಡುವಣ ಹಳಿಯೂ ಅಗಲವಾಗಿ ಆ ಹಳೆಯ ಹೊಸ್ತಿಲು ಅಳಿಯಿತು.

ನೀರೋ ರೈಲೋ ಎಂದು ಕೇಳಿದವರು ಒಂದನ್ನು ಆರಿಸಿದರೆ ಇನ್ನೊಂದನ್ನು ಬಿಡಬೇಕೆಂದು ಭಾವಿಸಿದ್ದರು. ಖಜಾನೆಯ ಹಣಕ್ಕೆ ಮಿತಿಯಿದ್ದುದರಿಂದ ಅವರ ಭಾವನೆಗೆ ಆಧಾರವಿದ್ದಿತು. ವಿಜಾಪುರದ ಬಯಲಿನಲ್ಲಿ ಹಳಿಯು ಬಂದು ನೀರು ಬಾರದಿದ್ದುದರ ಫಲವನ್ನು ೧೯೦೧ರ ಗಣತಿಯು ತೋರಿಸಿತು. ಅನಾದಿಯ ಜಲಪಾತವು ಹಳಿಯಿಲ್ಲದೆ ಏನನ್ನೂ ನೂಲಲಿಲ್ಲವೆಂಬುದನ್ನು ಗೋಕಾಕವು ತೋರಿಸಿತು. ಘಟಪ್ರಭೆಯ ಈ ಕೆಲವು ಮೈಲಿಗಳಲ್ಲಿ ಎರಡೂ ಕೂಡಿದುದು ಯಾವ ಆಯೋಗದ ಯೋಜನೆಯಿಂದಲೂ ಅಲ್ಲ. ನದಿಯು ಧುಮುಕುವ ಬಂಡೆಯ ಪಕ್ಕದಲ್ಲಿಯೇ ಎಂಜಿನಿಯರರಿಗೆ ಹಳಿಯ ದಾರಿಯೂ ಸಿಕ್ಕಿದುದರಿಂದ. ಉಳಿದ ಕಣಿವೆಗಳಿಗೆ ಆ ಭಾಗ್ಯವು ಆಕಸ್ಮಿಕವಾಗಿ ಬರಲಿಲ್ಲ, ಯೋಚಿಸಿ ತಂದುಕೊಡುವವರೂ ಆ ಕಾಲದಲ್ಲಿ ಇರಲಿಲ್ಲ.