‘ಉಪ’ ಎಂದರೆ ಕಿರಿದೇ?

ಪತ್ರಿಕೆಯ ತಲೆಬರಹದಲ್ಲಿ ‘ಉಪಚುನಾವಣೆ’, ಟೀವಿಯಲ್ಲಿ ‘ಉಪಸಮರ’, ಅರಳಿಕಟ್ಟೆಯಲ್ಲಿ ‘ಬೈ ಎಲೆಕ್ಷನ್’. ಮೂರೂ ಒಂದೇ. ಸದಸ್ಯರು ತೀರಿಕೊಂಡಾಗ, ರಾಜೀನಾಮೆ ಕೊಟ್ಟಾಗ, ಅನರ್ಹರಾದಾಗ ಅಥವಾ ಅವರ ಆಯ್ಕೆ ಅಸಿಂಧು ಎಂದು ನ್ಯಾಯಾಲಯ ಹೇಳಿದಾಗ, ಅವಧಿಯ ನಡುವೆ ಬರಿದಾದ ಸ್ಥಾನವನ್ನು ತುಂಬಲು ನಡೆಯುವ ಚುನಾವಣೆ ಇದು. ಗೊಂದಲವಾದ ಮತಗಟ್ಟೆಯಲ್ಲಿ ನಡೆಸುವ ‘ಮರುಮತದಾನ’ವೇ ಬೇರೆ, ಇದೇ ಬೇರೆ.

‘ಉಪ’ ಸೇರಿದೊಡನೆ ಪದದ ತೂಕ ಇಳಿಯುತ್ತದೆ. ಉಪನದಿ, ಉಪಕಾಲುವೆ, ಉಪಕಥೆ, ಉಪತಹಶೀಲ್ದಾರ್: ಎಲ್ಲೆಡೆಯೂ ಮುಖ್ಯವಾದದ್ದು ಇನ್ನೊಂದಿದೆ ಎಂಬ ಸೂಚನೆ. ಆದರೆ ಇದೇ ‘ಉಪ’ಕ್ಕೆ ‘ಹತ್ತಿರ’ ಎಂಬ ಅರ್ಥವೂ ಇದೆ. ಉಪನಯನ, ಉಪಾಸನೆ, ಉಪವಾಸಗಳಲ್ಲಿ ಇರುವುದು ಆ ಸಾಮೀಪ್ಯವೇ. ಲೋಕಸಭೆಯ ಉಪಚುನಾವಣೆಗಳ ಚರಿತ್ರೆಯನ್ನು ನೋಡುತ್ತ ಹೋದರೆ, ಈ ಪದವನ್ನು ಉಪಕಾಲುವೆಯ ಸಾಲಿನಲ್ಲಿ ಕೂರಿಸಲು ನನಗೆ ಮನಸ್ಸು ಬರುವುದಿಲ್ಲ.

1963ನ್ನೇ ನೋಡಿ. ಹಿಂದಿನ ವರ್ಷ ಚೀನಾ ಯುದ್ಧದಲ್ಲಿ ದೇಶ ಪೆಟ್ಟು ತಿಂದಿತ್ತು. 1962ರ ಮಹಾಚುನಾವಣೆಯಲ್ಲಿ ಫೂಲ್‌ಪುರದಲ್ಲಿ ನೆಹರೂ ಎದುರು ರಾಮಮನೋಹರ ಲೋಹಿಯಾ, ಉತ್ತರ ಮುಂಬಯಿಯಲ್ಲಿ ಕೃಷ್ಣ ಮೆನನ್ ಎದುರು ಜೆ.ಬಿ. ಕೃಪಲಾನಿ ಸೋತಿದ್ದರು. ಸಾಮಾನ್ಯ ಲೆಕ್ಕದಲ್ಲಿ ಇಬ್ಬರೂ ಐದು ವರ್ಷ ಹೊರಗಿರಬೇಕಿತ್ತು. ಆದರೆ ಫರೂಕಾಬಾದ್ ಮತ್ತು ಅಮ್ರೋಹಾದ ಉಪಚುನಾವಣೆಗಳು ಅವರನ್ನು ಸದನಕ್ಕೆ ಕರೆತಂದವು. ಅದೇ ವರ್ಷದ ಆಗಸ್ಟ್‌ನಲ್ಲಿ ಕೃಪಲಾನಿ ಲೋಕಸಭೆಯ ಮೊದಲ ಅವಿಶ್ವಾಸ ನಿರ್ಣಯವನ್ನು ಮಂಡಿಸಿದರು. ಪರವಾಗಿ ಬಿದ್ದ ಮತ 62, ವಿರುದ್ಧ 347. ಸರ್ಕಾರಕ್ಕೆ ಅಪಾಯವೇನೂ ಆಗಲಿಲ್ಲ. ಆದರೆ ಕೋಟ್ಯಂತರ ಭಾರತೀಯರು ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆ ಎಂದು ಲೋಹಿಯಾ ವಾದಿಸಿದರು. ನೆಹರೂ ಅದು ಹದಿನೈದು ಆಣೆ ಎಂದರು. ಬಡವನ ದಿನದ ಗಳಿಕೆ ಆಣೆ ಲೆಕ್ಕದಲ್ಲಿ ಸಂಸತ್ತಿನ ಮುಂದೆ ಬಂತು. ಒಂದು ಕ್ಷೇತ್ರದ ಉಪಚುನಾವಣೆ ದೇಶಕ್ಕೆ ಕೊಟ್ಟ ಚರ್ಚೆ ಅದು.

ಎಲ್ಲರಿಗೂ ಈ ಬಾಗಿಲು ತೆರೆಯಲಿಲ್ಲ. 1952ರಲ್ಲಿ ಮುಂಬಯಿಯಲ್ಲಿ ಸೋತ ಅಂಬೇಡ್ಕರ್, 1954ರಲ್ಲಿ ಭಂಡಾರಾ ಉಪಚುನಾವಣೆಗೆ ನಿಂತರು. ಅಲ್ಲೂ ಸೋತರು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು ಲೋಕಸಭೆಗೆ ಚುನಾಯಿತರಾಗಿ ಬರಲೇ ಇಲ್ಲ ಎಂಬುದು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ.

ಕನ್ನಡಿಗರ ಬಾಯಲ್ಲಿ ಈ ಪದಕ್ಕೆ ತೂಕ ಬಂದದ್ದು 1978ರ ನವೆಂಬರ್‌ನಲ್ಲಿ. ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಯವರಿಗಾಗಿ ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರನ್ನು ಬಿಟ್ಟುಕೊಟ್ಟರು. ಎದುರಿಗೆ ಜನತಾ ಪಕ್ಷದಿಂದ ನಿಂತವರು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ‘ಲಂಗೂರ್’ಗೆ ‘ಚಿಕ್‌ಮಗಳೂರ್’ ಎಂದು ಪ್ರಾಸ ಕೂಡಿಸಿದ ಹಿಂದಿ ಘೋಷಣೆ ಕಾಫಿ ಸೀಮೆಯ ಹೆಸರನ್ನು ಉತ್ತರ ಭಾರತದ ಗಲ್ಲಿಗಲ್ಲಿಗೂ ಮುಟ್ಟಿಸಿತು. ಇಂದಿರಾ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಆಮೇಲಿನ ಕಥೆಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಎರಡು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 19ರಂದು, ಹಕ್ಕುಚ್ಯುತಿಯ ಆರೋಪದ ಮೇಲೆ ಸದನ ಅವರನ್ನು ಉಚ್ಚಾಟಿಸಿ ಜೈಲಿಗೆ ಕಳಿಸಿತು. ಚಿಕ್ಕಮಗಳೂರಿನ ಜನ ಸಾಲುಗಟ್ಟಿ ನಿಂತು ತುಂಬಿದ ಸ್ಥಾನ ಮತ್ತೆ ಬರಿದಾಯಿತು. 1981ರಲ್ಲಿ ಲೋಕಸಭೆಯೇ ಆ ಉಚ್ಚಾಟನೆಯ ನಿರ್ಣಯವನ್ನು ರದ್ದು ಮಾಡಿತು. ಇಂದಿರಾ ಅವರಿಗೆ ಆದದ್ದನ್ನು ಚರಿತ್ರೆ ಬರೆದಿಟ್ಟಿದೆ. ಪ್ರತಿನಿಧಿಯನ್ನು ಕಳೆದುಕೊಂಡ ಮತದಾರರ ಮಾತನ್ನು ಆಡಿದವರು ಕಡಿಮೆ.

ಉಪಚುನಾವಣೆಯ ಜೊತೆಗೇ ಓಡಾಡುವ ಪದಗಳು ಇನ್ನೂ ಕೆಲವಿವೆ. ಒಂದು ‘ಅನುಕಂಪ’. ಸುರೇಶ ಅಂಗಡಿಯವರ ನಿಧನದ ನಂತರ 2021ರಲ್ಲಿ ಬೆಳಗಾವಿಯಲ್ಲಿ ಅವರ ಪತ್ನಿ ಮಂಗಲಾ ಅಂಗಡಿ ಗೆದ್ದರು. ಆದರೆ ಅಂತರ ಐದು ಸಾವಿರದ ಆಸುಪಾಸು. ಅನುಕಂಪವಿದ್ದರೂ ಮತದಾರ ಕಣ್ಣು ಮುಚ್ಚಿ ಗುಂಡಿ ಒತ್ತುವುದಿಲ್ಲ. ಇನ್ನೊಂದು ‘ದಿಕ್ಸೂಚಿ’. ಅಮಿತಾಭ್ ಬಚ್ಚನ್ ರಾಜೀನಾಮೆಯಿಂದ ತೆರವಾದ ಅಲಹಾಬಾದಿನಲ್ಲಿ 1988ರಲ್ಲಿ ವಿ.ಪಿ. ಸಿಂಗ್ ಗೆದ್ದರು. ಮರುವರ್ಷದ ಕೊನೆಗೆ ಅವರೇ ಪ್ರಧಾನಿ. ಅಲ್ಲಿ ಆ ಪದಕ್ಕೆ ನ್ಯಾಯ ಸಂದಿತು. ಆಳುವ ಪಕ್ಷವೇ ಗೆಲ್ಲುವುದು ರೂಢಿಯಾದ ಕಡೆ ಮಾತ್ರ ಅದೊಂದು ಸವಕಲು ಪದ.

ಇಷ್ಟೆಲ್ಲ ಸದ್ದಿನ ನಡುವೆ ಮರೆಯಾಗುವ ಪದ ‘ತೆರವು’. ನನಗೆ ಮುಖ್ಯವಾಗಿ ಕಾಣುವುದು ಅದೇ. ತೆರವಾದ ಸ್ಥಾನವನ್ನು ಆರು ತಿಂಗಳೊಳಗೆ ತುಂಬಬೇಕೆಂಬ ನಿಯಮ 1996ರಲ್ಲಿ ಪ್ರಜಾಪ್ರತಿನಿಧಿ ಕಾಯ್ದೆಗೆ 151ಎ ಕಲಮಾಗಿ ಸೇರಿತು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ, ಇಲ್ಲವೇ ಆ ಗಡುವಿನೊಳಗೆ ನಡೆಸುವುದು ಕಷ್ಟವೆಂದು ಚುನಾವಣಾ ಆಯೋಗ ಕೇಂದ್ರ ಸರ್ಕಾರದೊಡನೆ ಸಮಾಲೋಚಿಸಿ ಪ್ರಮಾಣೀಕರಿಸಿದರೆ ಮಾತ್ರ ವಿನಾಯಿತಿ. 2018ರ ನವೆಂಬರ್‌ನಲ್ಲಿ ಬಳ್ಳಾರಿ, ಶಿವಮೊಗ್ಗ, ಮಂಡ್ಯದಲ್ಲಿ ಉಪಚುನಾವಣೆ ನಡೆದಾಗ, ಕೆಲವೇ ತಿಂಗಳಿಗೆ ಈ ಖರ್ಚು ಬೇಕಿತ್ತೇ ಎಂದು ಗೊಣಗಿದವರು ಬಹಳ. 2023ರ ಮಾರ್ಚ್‌ನಲ್ಲಿ ಗಿರೀಶ್ ಬಾಪಟ್ ನಿಧನರಾದಾಗ ಪುಣೆಗೆ ಒಂದು ವರ್ಷಕ್ಕೂ ಹೆಚ್ಚು ಅವಧಿ ಉಳಿದಿತ್ತು. ಆದರೂ ಚುನಾವಣೆ ನಡೆಯಲಿಲ್ಲ. ತಕ್ಷಣ ನಡೆಸಿ ಎಂದು ಬಾಂಬೆ ಹೈಕೋರ್ಟ್ ಡಿಸೆಂಬರ್‌ನಲ್ಲಿ ಆದೇಶಿಸಿತು. ಸುಪ್ರೀಂ ಕೋರ್ಟ್ ಜನವರಿಯಲ್ಲಿ ಅದಕ್ಕೆ ತಡೆ ಕೊಟ್ಟಿತು. 2024ರ ಮಹಾಚುನಾವಣೆಯವರೆಗೆ ಪುಣೆಯಂಥ ಮಹಾನಗರದ ಪರವಾಗಿ ಲೋಕಸಭೆಯಲ್ಲಿ ಪ್ರಶ್ನೆ ಕೇಳುವವರು, ಮತ ಹಾಕುವವರು ಇರಲಿಲ್ಲ. ಗೊಣಗಬೇಕಾದದ್ದು ಯಾವುದಕ್ಕೆ ಎಂದು ಈ ಎರಡನ್ನೂ ಪಕ್ಕಪಕ್ಕ ಇಟ್ಟು ಯೋಚಿಸಬೇಕು.

ಸ್ಥಾನ ತೆರವಾಗಲು ಸಾವೇ ಕಾರಣವಾಗಬೇಕಿಲ್ಲ. ಒಬ್ಬರು ಎಷ್ಟು ಕ್ಷೇತ್ರಗಳಲ್ಲಾದರೂ ನಿಲ್ಲಬಹುದಾಗಿದ್ದ ಅವಕಾಶವನ್ನು 1996ರ ತಿದ್ದುಪಡಿ ಎರಡಕ್ಕೆ ಇಳಿಸಿತು. ಎರಡೂ ಕಡೆ ಗೆದ್ದವರು ಒಂದನ್ನು ಬಿಡಲೇಬೇಕು. 1999ರಲ್ಲಿ ಬಳ್ಳಾರಿ, 2024ರಲ್ಲಿ ವಯನಾಡು ಹಾಗೆ ಬಿಡಲ್ಪಟ್ಟವು. ಇದು ಕಾನೂನುಬದ್ಧವೇ. ಆದರೂ ನಂಬಿ ಮತ ಹಾಕಿದವರನ್ನು ಕೆಲವೇ ತಿಂಗಳಲ್ಲಿ ಮತ್ತೆ ಸಾಲಿನಲ್ಲಿ ನಿಲ್ಲಿಸುವುದು ಅವರಿಗೆ ಕೊಡುವ ಗೌರವ ಎಂದು ನಾನು ಒಪ್ಪಲಾರೆ. ಒಂದೇ ಕ್ಷೇತ್ರ ಎಂಬ ನಿಯಮ ಬರಬೇಕು.

ಒಂದು ಲೋಕಸಭಾ ಕ್ಷೇತ್ರವೆಂದರೆ ಸರಾಸರಿ 15 ಲಕ್ಷಕ್ಕೂ ಮೀರಿದ ಮತದಾರರು. ಅವರ ಪಾಲಿಗೆ ಉಪಚುನಾವಣೆಯೂ ಪೂರ್ತಿ ಚುನಾವಣೆಯೇ. ಆ ಹೊತ್ತಿಗೆ ಅವರಿಗಿರುವುದು ಅದೊಂದೇ. ಆದ್ದರಿಂದ ಎಲ್ಲೇ ಸ್ಥಾನ ತೆರವಾಗಲಿ, ಟಿಕೆಟ್ ಯಾರಿಗೆ ಎಂಬ ಚರ್ಚೆಗೆ ಮೊದಲು ಮತದಾನ ಯಾವತ್ತು ಎಂದು ಕೇಳೋಣ. ದಿನಾಂಕ ಗೊತ್ತಾಗುವವರೆಗೂ ಕೇಳುತ್ತಲೇ ಇರೋಣ.